ಸಂಘದ ಸಭೆಯಿಂದ ಸರ್ಕಾರಿ ಕೌಂಟರಿಗೆ: ಮಹಿಳಾ ಸ್ವಸಹಾಯ ಸಂಘಗಳನ್ನು ಸಾರ್ವಜನಿಕ ಸೇವೆಗಳಿಗೆ ಜೋಡಿಸುವ ಬಗೆ

ಕರ್ನಾಟಕದ ಯಾವ ಗ್ರಾಮ ಪಂಚಾಯಿತಿಗೆ ಹೋದರೂ ಅಂಗನವಾಡಿ ಇದೆ, ಆಶಾ ಕಾರ್ಯಕರ್ತೆ ಇದ್ದಾರೆ, ನ್ಯಾಯಬೆಲೆ ಅಂಗಡಿ ಇದೆ, ಬಾಪೂಜಿ ಸೇವಾ ಕೇಂದ್ರದ ಬೋರ್ಡು ಇದೆ. ಹೋಬಳಿಯಲ್ಲಿ ನಾಡಕಚೇರಿ, ರೈತ ಸಂಪರ್ಕ ಕೇಂದ್ರ ಇವೆ. ಅದೇ ಊರುಗಳಲ್ಲಿ ವಾರಕ್ಕೊಮ್ಮೆ ಚಾಪೆ ಹಾಸಿ ಕೂರುವ ಹತ್ತಾರು ಮಹಿಳಾ ಸಂಘಗಳೂ ಇವೆ. ಆದರೂ ಅರವತ್ತೈದು ದಾಟಿದ ಅಜ್ಜಿಗೆ ಪಿಂಚಣಿ ಆಗಿರುವುದಿಲ್ಲ, ಹಾವು ಕಚ್ಚಿ ತೀರಿಕೊಂಡವರ ಮನೆಗೆ ವಿಮೆಯ ಹಣ ಬಂದಿರುವುದಿಲ್ಲ, ಗರ್ಭಿಣಿ, ಬಾಣಂತಿಯರಿಗೆ ಹಣ ಕೊಡುವ ಮಾತೃವಂದನಾ ಯೋಜನೆಯ ಅರ್ಜಿಯ ಅವಧಿ ಮೀರಿರುತ್ತದೆ. ಸಂಘದ ಸಭೆಯಲ್ಲಿ ಉಳಿತಾಯ, ಕಂತು, ಬಡ್ಡಿ ಮುಗಿದ ಕೂಡಲೇ ಪುಸ್ತಕ ಮುಚ್ಚುತ್ತಾರೆ. ಯಾರಿಗೆ ಯಾವ ಸೇವೆ ಸಿಕ್ಕಿಲ್ಲ ಎಂಬ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ. ಆ ಲೆಕ್ಕವನ್ನು ಬರೆದಿಟ್ಟು, ಅದನ್ನು ಕಚೇರಿಯ ಕಡತದೊಳಗೆ ಸೇರಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳಿದೆ. ಸಂಘದ ಪ್ರತಿನಿಧಿಗಳು, ಸಂಘಗಳ ಒಕ್ಕೂಟದ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ) ಮತ್ತು ಎಲ್‌ಸಿಆರ್‌ಪಿಗಳು (ಸ್ಥಳೀಯ ಸಮುದಾಯ ಸಂಪನ್ಮೂಲ ವ್ಯಕ್ತಿಗಳು), ಊರಿನಲ್ಲಿ ಕೆಲಸ ಮಾಡುವ ಸಂಸ್ಥೆಗಳ ಕಾರ್ಯಕರ್ತರು ಬಳಸಬಹುದು.

ಐವತ್ತು ಜನ ಹೋಗಿ ಗಲಾಟೆ ಮಾಡಿದ್ದನ್ನು ಕಚೇರಿ ಸಂಜೆಯೊಳಗೆ ಮರೆಯುತ್ತದೆ. ಹನ್ನೆರಡು ಹೆಸರು, ದಿನಾಂಕ, ಕೋರಿಕೆ ಇರುವ ಒಂದು ಹಾಳೆಗೆ ಸ್ವೀಕೃತಿ ಸೀಲು ಬಿದ್ದರೆ ಅದಕ್ಕೆ ಯಾರಾದರೂ ಒಬ್ಬರು ಉತ್ತರ ಬರೆಯಲೇಬೇಕಾಗುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಆ ಹಾಳೆಯನ್ನು ಗಟ್ಟಿ ಮಾಡುವುದಕ್ಕಾಗಿ.

ಸಂಘ ಯಾರ ಅಡಿಯಲ್ಲಿದೆ ನೋಡಿಕೊಳ್ಳಿ

ಒಂದೇ ಬೀದಿಯಲ್ಲಿ ಎರಡು ಮೂರು ಬಗೆಯ ಸಂಘಗಳಿರುತ್ತವೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವು. ಇವುಗಳ ದಾರಿ ಅಂಗನವಾಡಿ ಕಾರ್ಯಕರ್ತೆ, ಮೇಲ್ವಿಚಾರಕಿ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಸಂಜೀವಿನಿ ಸಂಘಗಳು ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದವು. ಇವುಗಳ ದಾರಿ ವಾರ್ಡ್ ಮಟ್ಟದ ಒಕ್ಕೂಟ, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ, ಅಲ್ಲಿಂದ ತಾಲ್ಲೂಕು ಪಂಚಾಯಿತಿಯಲ್ಲಿರುವ ಸಂಜೀವಿನಿ ಘಟಕ. ಸ್ವಯಂಸೇವಾ ಸಂಸ್ಥೆಗಳು ಕಟ್ಟಿದ ಸಂಘಗಳು ಬೇರೆ. ಬಡ್ಡಿ ಸಹಾಯಧನ, ಸುತ್ತುನಿಧಿ (ಸದಸ್ಯರೊಳಗೆ ಸಾಲವಾಗಿ ಸುತ್ತಲು ಸಂಘಕ್ಕೆ ಕೊಡುವ ಹಣ) ಇಂಥವು ಸಂಘದ ಬಗೆಯ ಮೇಲೆ ನಿಂತಿವೆ. ಪಿಂಚಣಿ, ಲಸಿಕೆ, ಪಡಿತರ, ವಿಮೆಗೆ ಸಂಘದ ಬಗೆ ಲೆಕ್ಕಕ್ಕಿಲ್ಲ, ಅವು ವ್ಯಕ್ತಿಗೆ ಸಲ್ಲುವ ಹಕ್ಕು. ಹಾಗಾಗಿ ಸೇವೆಗಳ ವಿಷಯಕ್ಕೆ ಊರಿನ ಎಲ್ಲ ಸಂಘಗಳೂ ಒಂದೇ ಪಟ್ಟಿ ಮಾಡುವುದು ಒಳ್ಳೆಯದು. ‘ಅವರದು ಬೇರೆ ಸಂಘ’ ಎಂದು ಬಿಟ್ಟರೆ ವಾರ್ಡ್ ಸಭೆಯಲ್ಲಿ ನಿಮ್ಮ ದನಿಯೂ ಅರ್ಧವಾಗುತ್ತದೆ.

ಸಂಜೀವಿನಿ ಸಂಘವಾದರೆ ಸದಸ್ಯರ ವಿವರ ಲೋಕ್‌ಓಎಸ್ ತಂತ್ರಾಂಶದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂದು ಎಂಬಿಕೆಯಿಂದ ತಿಳಿದುಕೊಳ್ಳಿ. ಬಿಟ್ಟು ಹೋದವರ ಹೆಸರು ಉಳಿದು, ಹೊಸದಾಗಿ ಸೇರಿದವರ ಹೆಸರು ಏರದೇ ಇರುವುದು ಸಾಮಾನ್ಯ.

ಮನೆ ಪುಸ್ತಕ

200 ಪುಟದ ಉದ್ದನೆಯ ನೋಟ್‌ಪುಸ್ತಕ ಒಂದು ಸಾಕು. ಎದುರುಬದುರು ಎರಡು ಪುಟ ಒಂದು ಮನೆಗೆ. ಎಡಪುಟದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ಸ್ಥಿತಿ: ಗರ್ಭಿಣಿ, ಬಾಣಂತಿ, ಆರು ವರ್ಷದೊಳಗಿನ ಮಗು, ಶಾಲೆ ಬಿಟ್ಟ ಮಗು, ಅಂಗವಿಕಲರು, ಗಂಡನನ್ನು ಕಳೆದುಕೊಂಡವರು, ಗಂಡನಿಂದ ಬೇರೆಯಾಗಿ ಇರುವವರು, 60 ದಾಟಿದವರು. ಬಲಪುಟದಲ್ಲಿ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ, ಅರ್ಜಿ ಕೊಟ್ಟ ದಿನ, ಅರ್ಜಿ ಸಂಖ್ಯೆ, ಮತ್ತೆ ವಿಚಾರಿಸಬೇಕಾದ ದಿನ. ಕೊನೆಯ ಕಾಲಮ್ಮನ್ನು ಬಿಟ್ಟರೆ ಇಡೀ ಪುಸ್ತಕ ಸತ್ತ ದಾಖಲೆಯಾಗುತ್ತದೆ. ಪ್ರತಿ ಸಭೆಯಲ್ಲೂ ಅದನ್ನೇ ಮೊದಲು ಓದಿ, ಉಳಿತಾಯ ಆಮೇಲೆ.

ತುಂಬುವಾಗ ‘ನಿಮಗೆ ಎಲ್ಲ ಯೋಜನೆ ಸಿಗುತ್ತಿದೆಯಾ?’ ಎಂದು ಕೇಳಿದರೆ ‘ಹ್ಞೂಂ ಸಿಗ್ತಿದೆ’ ಎಂಬ ಉತ್ತರವೇ ಬರುತ್ತದೆ. ಕಾಗದ ಕೇಳಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ತಾಯಿ ಕಾರ್ಡ್, ಪಹಣಿ ಐದನ್ನೂ ಮುಂದಿಟ್ಟುಕೊಂಡು ಕೂತರೆ ಮನೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹನ್ನೆರಡು ಸದಸ್ಯರ ಸಂಘವಾದರೆ ಇಬ್ಬರು ಸೇರಿ ಎರಡು ವಾರದಲ್ಲಿ ಮುಗಿಸಬಹುದು. ಪಾಸ್‌ಬುಕ್ಕಿನಲ್ಲಿ ಕೊನೆಯ ಮೂರು ತಿಂಗಳ ನಮೂದು ನೋಡದೆ ‘ಪಿಂಚಣಿ ಬರುತ್ತಿದೆ’ ಎಂದು ಬರೆಯಬೇಡಿ.

ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ. ಪೂರ್ತಿ ಸಂಖ್ಯೆ, ಎಟಿಎಂ ಪಿನ್, ಒಟಿಪಿ ಯಾವುದೂ ಪುಸ್ತಕಕ್ಕೆ ಬೇಡ. ಮನೆಯೊಳಗಿನ ಹಿಂಸೆ, ಗುಪ್ತ ಕಾಯಿಲೆ ಇಂಥವನ್ನು ಎಲ್ಲರೂ ಓದುವ ಪುಟದಲ್ಲಿ ಬರೆಯಲೇಬಾರದು.

ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ: ಅರ್ಜಿ ಬೀಳುವ ಮೂರು ಕಡೆ

ತಿರಸ್ಕಾರವಾಗುವ ಅರ್ಜಿಗಳಲ್ಲಿ ಬಹಳಷ್ಟಕ್ಕೆ ಅರ್ಹತೆ ಇರುತ್ತದೆ, ಕಾಗದಗಳು ಒಂದಕ್ಕೊಂದು ಕೂಡುವುದಿಲ್ಲ. ಆಧಾರಿನಲ್ಲಿ ‘ಜಯಮ್ಮ’, ರೇಷನ್ ಕಾರ್ಡಿನಲ್ಲಿ ‘ಜಯಲಕ್ಷ್ಮಿ’, ಪಾಸ್‌ಬುಕ್ಕಿನಲ್ಲಿ ‘ಜಯಮ್ಮ ಕೋಂ ಸಿದ್ದಪ್ಪ’. ಇಂಗ್ಲಿಷ್ ಕಾಗುಣಿತದಲ್ಲಿ ಲಕ್ಷ್ಮಮ್ಮನಿಗೆ ಒಂದು ಕಡೆ ‘ಕೆಎಸ್‌ಎಚ್’, ಇನ್ನೊಂದು ಕಡೆ ‘ಎಕ್ಸ್’. ಇನಿಷಿಯಲ್ ಹಿಂದೋ ಮುಂದೋ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಹೆಂಗಸರು.

ತಿದ್ದುಪಡಿಗೆ ಓಡುವ ಮೊದಲು ಯಾವ ಕಾಗದವನ್ನು ತಿದ್ದಬೇಕೆಂದು ತೀರ್ಮಾನಿಸಿ. ಆಧಾರಿನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಆಧಾರ್ ಸರಿಯಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರೇ ತಪ್ಪಿದ್ದರೆ ಮಾತ್ರ ಅದನ್ನು ಮುಟ್ಟಿ, ಅದೂ ಶಾಲಾ ದಾಖಲೆಯೋ ಜನನ ಪತ್ರವೋ ಕೈಯಲ್ಲಿದ್ದಾಗ. ಹಿರಿಯ ಹೆಂಗಸರ ಆಧಾರಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುವುದು, ವಯಸ್ಸು ಐದಾರು ವರ್ಷ ಕಡಿಮೆ ಬಿದ್ದಿರುವುದು ಹೇರಳ. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಗೆ 65 ಆಗಬೇಕು, ಹಾಗಾಗಿ ಅಜ್ಜಿಯ ವಯಸ್ಸಿನ ವಿಷಯ ಮೊದಲೇ ಇತ್ಯರ್ಥವಾಗಲಿ. ರೇಷನ್ ಕಾರ್ಡಿನ ತಿದ್ದುಪಡಿಗೆ ಇಲಾಖೆ ಅವಕಾಶ ತೆರೆದಾಗ ಮಾತ್ರ ಅರ್ಜಿ ಹೋಗುತ್ತದೆ. ಗೃಹಲಕ್ಷ್ಮಿಯಂಥದು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಯಾರೆಂದು ನಮೂದಾಗಿದೆ ಎಂಬುದರ ಮೇಲೆ ನಿಂತಿರುವುದರಿಂದ, ಆ ಅವಕಾಶ ತೆರೆದ ದಿನ ಕಾಗದ ಸಿದ್ಧವಿಟ್ಟುಕೊಂಡವರೇ ಗೆಲ್ಲುವುದು.

ಆಮೇಲೆ ಹಣ ಬೀಳುವ ಖಾತೆ. ನೇರ ವರ್ಗಾವಣೆಯ ಹಣ ಸಾಮಾನ್ಯವಾಗಿ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್ ಜೋಡಣೆಯಾಗಿರುವ ಖಾತೆಗೆ ಹೋಗುತ್ತದೆ. ಜೋಡಣೆ ಒಂದೇ ಬ್ಯಾಂಕಿಗೆ, ಕೊನೆಗೆ ಜೋಡಿಸಿದ ಬ್ಯಾಂಕಿಗೆ. ಎಂದೋ ಶಿಬಿರದಲ್ಲಿ ತೆರೆದು ಮರೆತ ಖಾತೆಗೆ ಎಂಟು ತಿಂಗಳ ಹಣ ಬಿದ್ದಿರುತ್ತದೆ, ಇತ್ತ ಹೆಂಗಸು ಪಂಚಾಯಿತಿಗೆ ಅಲೆಯುತ್ತಿರುತ್ತಾಳೆ. ಮೈಆಧಾರ್ ತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಅದಕ್ಕೆ ಆಧಾರಿಗೆ ಸೇರಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಆ ಮೊಬೈಲ್ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದ್ದಾಗಿದ್ದರೆ ಮೊದಲು ನಂಬರು ಬದಲಿಸುವ ಕೆಲಸ. ‘ಆಧಾರ್ ಯಾರ ಮೊಬೈಲಿಗೆ?’ ಎಂಬುದಕ್ಕೂ ಮನೆ ಪುಸ್ತಕದಲ್ಲಿ ಒಂದು ಕಾಲಮ್ಮಿರಲಿ.

ಅರ್ಜಿ ಕೊಡುವುದು, ಬೆನ್ನು ಹತ್ತುವುದು

ಒಂದು ತಿಂಗಳು ಒಂದೇ ಸೇವೆ ಹಿಡಿಯಿರಿ. ಎಲ್ಲರ ಎಲ್ಲ ಸಮಸ್ಯೆ ಒಟ್ಟಿಗೆ ಹೊತ್ತುಕೊಂಡು ಹೋದ ಸಂಘ ಮೂರನೇ ವಾರಕ್ಕೆ ಸುಸ್ತಾಗುತ್ತದೆ. ಪಿಂಚಣಿ ಹಿಡಿದಿರಾ, ಊರಿನ ಎಲ್ಲ ಸಂಘಗಳ ಪಿಂಚಣಿ ಬಾಕಿಗಳನ್ನು ಒಂದು ಪಟ್ಟಿಗೆ ತನ್ನಿ. ಪ್ರತಿಯೊಬ್ಬರದೂ ಪ್ರತ್ಯೇಕ ಅರ್ಜಿ, ಮೇಲೊಂದು ಸಾಮೂಹಿಕ ಪಟ್ಟಿ. ಅರ್ಜಿ ನಾಡಕಚೇರಿ ಅಥವಾ ಗ್ರಾಮ ಒನ್‌ನಲ್ಲಿ ಏರಬೇಕು. ಪಟ್ಟಿಯ ಒಂದು ಪ್ರತಿ ಗ್ರಾಮ ಆಡಳಿತ ಅಧಿಕಾರಿಗೆ, ಒಂದು ಉಪ ತಹಶೀಲ್ದಾರರಿಗೆ, ಮೂರನೆಯದು ಸೀಲು ಹಾಕಿಸಿಕೊಂಡು ನಿಮ್ಮ ಕಡತಕ್ಕೆ. ಸ್ಥಳ ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಬರಬೇಕಾದ್ದರಿಂದ ಹದಿನೈದು ಮನೆಗೆ ಒಂದೇ ದಿನ ಬಂದು ಹೋಗುವುದು ಅವರಿಗೂ ಹಗುರ. ನೋಡುವುದಕ್ಕೆ ಸಣ್ಣ ವಿಷಯ, ಕೆಲಸ ಸಾಗುವುದು ಮಾತ್ರ ಬಹುತೇಕ ಇಲ್ಲೇ.

ಸರ್ಕಾರಿ ಸೇವೆಯನ್ನು ಗೊತ್ತಾದ ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2011ರದು. ಅದರಡಿ ಬರುವ ಸೇವೆಗೆ ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ‘ಸರ್ವರ್ ಇಲ್ಲ, ಕಾಗದ ಇಟ್ಟು ಹೋಗಿ’ ಎಂದರೆ ಇಟ್ಟು ಬರಬೇಡಿ. ಸಂಖ್ಯೆ ಸಿಗದ ಅರ್ಜಿ ಲೆಕ್ಕದಲ್ಲೇ ಇಲ್ಲ, ಗಡುವು ಓಡಲು ಶುರುವಾಗುವುದು ಆ ಸಂಖ್ಯೆ ಬಿದ್ದ ದಿನದಿಂದ. ಗಡುವು ಮೀರಿದರೆ ದಿನಕ್ಕೆ ₹20ರಂತೆ ಗರಿಷ್ಠ ₹500 ಪರಿಹಾರ ಕೇಳಬಹುದು. ಆ ಐನೂರು ದೊಡ್ಡ ಮೊತ್ತವಲ್ಲ, ಮೇಲ್ಮನವಿ ಹೋದರೆ ತಡ ಯಾರಿಂದಾಯಿತು ಎಂಬುದು ದಾಖಲಾಗುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ‘ಆಗಲ್ಲಮ್ಮ’ ಎಂಬ ಬಾಯಿಮಾತಿಗೆ ಮೇಲ್ಮನವಿ ಇಲ್ಲ.

ಅದೂ ಆಗದಿದ್ದರೆ 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಪುಸ್ತಕಕ್ಕೆ ಬರೆಯಿರಿ. ಕೊನೆಗೆ ಮಾಹಿತಿ ಹಕ್ಕು: ಶುಲ್ಕ ₹10, ಬಿಪಿಎಲ್ ಕುಟುಂಬಕ್ಕೆ ಇಲ್ಲ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ಉದ್ದುದ್ದ ಅಹವಾಲು ಬರೆದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ. ‘ಅರ್ಜಿ ಸಂಖ್ಯೆ ಇಂಥದು, ದಿನಾಂಕ ಇಂಥದು, ಈವರೆಗೆ ಯಾವ ದಿನ ಯಾರ ಬಳಿ ಇತ್ತು, ಟಿಪ್ಪಣಿಯ ನಕಲು ಕೊಡಿ’ ಎಂದಷ್ಟೇ ಕೇಳಿ.

ವಿಧವಾ ವೇತನಕ್ಕೆ ಗಂಡನ ಮರಣ ಪತ್ರ ಬೇಕು. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಸಾವಿನ ಮನೆಯಲ್ಲಿ ಕಾಗದದ ಮಾತು ಎತ್ತುವುದು ಯಾರಿಗೂ ಹಿತವಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಸಂಘದಿಂದ ಒಬ್ಬರು ಹೋಗಿ ಇದನ್ನು ಮುಗಿಸಿಕೊಡುವ ಪದ್ಧತಿ ಇಟ್ಟುಕೊಳ್ಳಿ.

ಮೇ ತಿಂಗಳ ಕೊನೆಯ ವಾರ

ಬ್ಯಾಂಕಿನ ಎರಡು ವಿಮೆಗಳು: ಜೀವನ್ ಜ್ಯೋತಿ, 18ರಿಂದ 50 ವರ್ಷದವರು ಸೇರಬಹುದು, ವರ್ಷಕ್ಕೆ ₹436, ಯಾವ ಕಾರಣದ ಸಾವಿಗೂ ₹2 ಲಕ್ಷ. ಸುರಕ್ಷಾ ಬಿಮಾ, 18ರಿಂದ 70, ವರ್ಷಕ್ಕೆ ₹20, ಅಪಘಾತದ ಸಾವಿಗೆ ₹2 ಲಕ್ಷ. ವಿಮೆಯ ವರ್ಷ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಹಣ ತಾನಾಗಿ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ₹456 ಇಲ್ಲದಿದ್ದರೆ ವಿಮೆ ಬಿದ್ದುಹೋಗುತ್ತದೆ, ಯಾರೂ ಬಂದು ಹೇಳುವುದಿಲ್ಲ. ಹಾಗಾಗಿ ಮೇ ಎರಡನೇ ವಾರದ ಸಭೆಯಲ್ಲಿ ಪ್ರತಿ ಸದಸ್ಯೆಯ ಪಾಸ್‌ಬುಕ್ ಬಾಕಿ ನೋಡಿ, ಕಡಿಮೆ ಇದ್ದವರಿಗೆ ಆಂತರಿಕ ಸಾಲವಾಗಿ ಅಷ್ಟನ್ನು ಕೊಟ್ಟು ಖಾತೆಗೆ ಕಟ್ಟಿಸಿ. ಜೂನ್ ಮೊದಲ ಸಭೆಯಲ್ಲಿ ಕಡಿತದ ನಮೂದು ಮುದ್ರಿಸಿಕೊಂಡು ಬರಲಿ.

ಎರಡು ಬ್ಯಾಂಕಿನಲ್ಲಿ ಎರಡು ಸಲ ಸೇರಿದರೆ ಹಣ ಎರಡು ಸಲ ಹೋಗುತ್ತದೆ, ಪರಿಹಾರ ಒಂದೇ. ಹೊಸದಾಗಿ ಜೀವನ್ ಜ್ಯೋತಿ ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ. ಹಾವು ಕಡಿತ, ಮರದಿಂದ ಬಿದ್ದು ಸಾವು ಸುರಕ್ಷಾ ಬಿಮಾ ಅಡಿ ಬರುತ್ತವೆ. ಆದರೆ ಆಸ್ಪತ್ರೆಯ ದಾಖಲೆಯಲ್ಲಿ ಕಾರಣ ಬರೆದಿರಬೇಕು. ನಾಟಿ ಔಷಧಿಗೆ ಕರೆದೊಯ್ದು, ಅಲ್ಲೇ ಪ್ರಾಣ ಹೋಗಿ, ಮರಣೋತ್ತರ ಪರೀಕ್ಷೆಯೂ ಆಗದೆ ಮಣ್ಣು ಮಾಡಿದರೆ ಪರಿಹಾರ ಸಿಗುವುದು ಬಹಳ ಕಷ್ಟ. ಇದನ್ನು ಮುಂಗಾರಿಗೆ ಮೊದಲು ಸಭೆಯಲ್ಲಿ ಹೇಳಿ. ನಾಮಿನಿಯ ಹೆಸರು ಸರಿಯಿದೆಯೇ, ತೀರಿಕೊಂಡ ಅತ್ತೆಯ ಹೆಸರೇ ಉಳಿದಿದೆಯೇ ನೋಡಿಕೊಳ್ಳಿ.

ಬ್ಯಾಂಕಿನ ಮುಂದೆ

ಖಾತೆ ತೆರೆಯುವಾಗ ಎಲ್ಲ ಸದಸ್ಯರ ಕಾಗದ ಬೇಕಿಲ್ಲ, ಪದಾಧಿಕಾರಿಗಳ ಕೆವೈಸಿ (ಗುರುತು, ವಿಳಾಸದ ದಾಖಲೆ) ಸಾಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಎಲ್ಲರ ಕೆವೈಸಿ ಸಾಲದ ಸಮಯಕ್ಕೆ. ಸಂಘದ ಹೆಸರಿನಲ್ಲಿ ಪ್ಯಾನ್ ಇಲ್ಲವೆಂದು ವಾಪಸು ಕಳಿಸಿದರೆ ಪ್ಯಾನ್ ಇಲ್ಲದವರು ಕೊಡುವ ಘೋಷಣೆಯಾದ ನಮೂನೆ 60 ಕೊಡಿ.

ಸಾಲಕ್ಕೆ ಸಂಘ ಕನಿಷ್ಠ ಆರು ತಿಂಗಳು ಪಂಚಸೂತ್ರದಂತೆ ನಡೆದಿರಬೇಕು: ನಿಯಮಿತ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ. ಆರು ತಿಂಗಳನ್ನು ಸಂಘದ ಪುಸ್ತಕದಿಂದ ಎಣಿಸಬೇಕೇ ಹೊರತು ಖಾತೆ ತೆರೆದ ದಿನದಿಂದಲ್ಲ. ಬ್ಯಾಂಕಿನಲ್ಲಿ ಇದೊಂದು ಮಾತಿಗೆ ತಿಂಗಳುಗಟ್ಟಲೆ ಕಾಯಿಸುವುದುಂಟು. ಜೀವನೋಪಾಯ ಅಭಿಯಾನದ ಸಂಘಕ್ಕೆ ಮೊದಲ ಸಾಲ ಸಂಘದ ಒಟ್ಟು ನಿಧಿಯ ಆರು ಪಟ್ಟು ಅಥವಾ ₹1.5 ಲಕ್ಷ, ಯಾವುದು ಹೆಚ್ಚೋ ಅದು. ನಿಧಿ ಎಂದರೆ ಉಳಿತಾಯವೊಂದೇ ಅಲ್ಲ. 12 ಜನ, ವಾರಕ್ಕೆ ₹50, 26 ವಾರ: ₹15,600. ಆಂತರಿಕ ಸಾಲದ ಬಡ್ಡಿ ₹1,400 ಬಂದಿದೆ, ಸುತ್ತುನಿಧಿ ₹20,000 ಸಿಕ್ಕಿದೆ ಎಂದುಕೊಳ್ಳಿ. ನಿಧಿ ₹37,000, ಆರು ಪಟ್ಟು ₹2,22,000. ಬಡ್ಡಿ ಮತ್ತು ಸುತ್ತುನಿಧಿ ಬಿಟ್ಟು ಲೆಕ್ಕ ಹಾಕಿದರೆ ₹93,600 ಆಗುತ್ತದೆ, ಆಗ ₹1.5 ಲಕ್ಷಕ್ಕೇ ಮುಗಿಸಿಬಿಡುತ್ತಾರೆ. ಲೆಕ್ಕವನ್ನು ನೀವೇ ಬರೆದು ಅರ್ಜಿಗೆ ಲಗತ್ತಿಸಿ.

₹10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಇಲ್ಲ, ಮಾರ್ಜಿನ್ ಇಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎಂದು ಒತ್ತಾಯಿಸುವಂತಿಲ್ಲ. ಬಾಕಿ ₹3 ಲಕ್ಷದವರೆಗೆ ಬಡ್ಡಿ ಶೇ 7. ಒಬ್ಬಿಬ್ಬರು ಸದಸ್ಯರು ತಮ್ಮ ಸ್ವಂತ ಸಾಲದಲ್ಲಿ ಸುಸ್ತಿದಾರರಾಗಿದ್ದರೆ ಅದೊಂದೇ ಕಾರಣಕ್ಕೆ ಇಡೀ ಸಂಘದ ಸಾಲ ನಿಲ್ಲಿಸಬಾರದು. ಆದರೆ ಆ ಸದಸ್ಯರಿಗೆ ಈ ಸಾಲದ ಹಣ ಹಂಚುವಂತೆಯೂ ಇಲ್ಲ. ಈ ಎರಡನೆಯ ಮಾತನ್ನು ಸಂಘದವರು ಮರೆಯುತ್ತಾರೆ.

ಸಂಘದ ಕಡೆಯಿಂದ ಆಗುವ ದೊಡ್ಡ ಎಡವಟ್ಟು ಸಮಪಾಲು. ₹2,40,000 ಬಂತು, ಹನ್ನೆರಡು ಜನ, ತಲೆಗೆ ಇಪ್ಪತ್ತು ಸಾವಿರ ಎಂದು ಹಂಚಿದರೆ ಹಸು ಕೊಳ್ಳಬೇಕಾದವಳಿಗೆ ಸಾಲದು, ಬೇಡದವಳಿಗೆ ಭಾರ. ಸಂಘವೇ ತಯಾರಿಸುವ ಕಿರು ಸಾಲ ಯೋಜನೆಯಲ್ಲಿ ಪ್ರತಿಯೊಬ್ಬರ ಉದ್ದೇಶ, ಮೊತ್ತ, ಕಂತು ಬರೆದು, ಆದ್ಯತೆಯಂತೆ ಕೊಡಿ. ಯಾರಿಗೆ ಮೊದಲು ಎಂಬುದನ್ನು ಹಣ ಬರುವ ಮೊದಲೇ ನಡಾವಳಿಯಲ್ಲಿ ಬರೆದರೆ ಜಗಳ ಅರ್ಧ ಕಡಿಮೆ.

ಅರ್ಜಿ ತೆಗೆದುಕೊಳ್ಳದಿದ್ದರೆ ಒಕ್ಕೂಟದ ಮೂಲಕ ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆಗೆ ಪಟ್ಟಿ ಕಳಿಸಿ, ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಪ್ರತಿ ಕೊಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448.

ವಾರ್ಡ್ ಸಭೆ, ಗ್ರಾಮ ಸಭೆ

ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ, ಅಂದರೆ ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ತಯಾರಿ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ಸಂಘಗಳು ತಮ್ಮ ಬೇಡಿಕೆಗಳನ್ನು ಇದಕ್ಕೆ ಸೇರಿಸುವ ಅಧಿಕೃತ ದಾರಿಯೇ ವಿಪಿಆರ್‌ಪಿ, ಅಂದರೆ ಊರಿನ ಬಡತನ ನೀಗಲು ಸಂಘಗಳೇ ತಯಾರಿಸುವ ಯೋಜನೆ. ಸಂಘದ ಸಭೆಯಲ್ಲಿ ನಮೂನೆ ತುಂಬಿ, ವಾರ್ಡ್ ಒಕ್ಕೂಟದಲ್ಲಿ ಕೂಡಿಸಿ, ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಅಂತಿಮಗೊಳಿಸಿ, ಪಿಡಿಒಗೆ ಸಲ್ಲಿಸಿ, ಗ್ರಾಮ ಸಭೆಯಲ್ಲಿ ಓದಬೇಕು. ಆಗಸ್ಟ್ ಕೊನೆಗೇ ಸಂಘಗಳಲ್ಲಿ ಕೆಲಸ ಶುರು ಮಾಡಿದರೆ ಮಾತ್ರ ಸಮಯಕ್ಕೆ ಮುಗಿಯುತ್ತದೆ. ಬಹಳ ಕಡೆ ಆಗುವುದೇನೆಂದರೆ ಗಡುವಿನ ಹಿಂದಿನ ರಾತ್ರಿ ಒಬ್ಬರೇ ಕೂತು ಎಲ್ಲ ಸಂಘಗಳ ಮಾಹಿತಿ ಮೊಬೈಲಿನಲ್ಲಿ ತುಂಬುತ್ತಾರೆ. ಅಂಥ ಯೋಜನೆಯನ್ನು ಗ್ರಾಮ ಸಭೆಯಲ್ಲಿ ಸಮರ್ಥಿಸಲು ಯಾರಿಗೂ ಬಾಯಿ ಬರುವುದಿಲ್ಲ.

ಬೇಡಿಕೆ ಬರೆಯುವಾಗ ‘ನೀರಿನ ಸಮಸ್ಯೆ’, ‘ರಸ್ತೆ ಸರಿಯಿಲ್ಲ’ ಎಂದರೆ ಅದು ಕಸದ ಬುಟ್ಟಿಗೆ. ಮಾದರಿಗೆ:

*ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ವಿಷಯ: 3ನೇ ವಾರ್ಡಿನ ಅಂಗನವಾಡಿಗೆ ನಲ್ಲಿ ಸಂಪರ್ಕ ಕೋರಿ. ಮಾನ್ಯರೇ, ಈ ಕೇಂದ್ರಕ್ಕೆ 28 ಮಕ್ಕಳು ಬರುತ್ತಾರೆ. ನೀರಿನ ಸಂಪರ್ಕ ಇಲ್ಲ. ಅಡುಗೆಯ ನೀರನ್ನು 150 ಮೀಟರ್ ದೂರದ ತೊಂಬೆಯಿಂದ ಸಹಾಯಕಿ ಹೊತ್ತು ತರುತ್ತಾರೆ. ಪೈಪ್‌ಲೈನ್ ಕಟ್ಟಡದಿಂದ 20 ಮೀಟರಿನಲ್ಲೇ ಹಾದುಹೋಗಿದೆ. ಸಂಪರ್ಕ ಕಲ್ಪಿಸಿ, ಈ ಕಾಮಗಾರಿಯನ್ನು ಕ್ರಿಯಾ ಯೋಜನೆಗೆ ಸೇರಿಸಲು ಕೋರುತ್ತೇವೆ. ಐದು ಸಂಘಗಳ ಠರಾವಿನ ನಕಲು, ಅಂಗನವಾಡಿ ಕಾರ್ಯಕರ್ತೆಯ ಪತ್ರ ಲಗತ್ತಿಸಿದೆ. ಕೈಗೊಂಡ ಕ್ರಮವನ್ನು ಬರಹದಲ್ಲಿ ತಿಳಿಸಿ.*

ಸ್ಥಳ, ಎಣಿಕೆ, ಅಳತೆ, ಪರಿಹಾರ ನಾಲ್ಕೂ ಇದರಲ್ಲಿವೆ. ನೀರಿನ ಗುಣಮಟ್ಟದ ದೂರಾದರೆ ಜಲ ಜೀವನ್ ಮಿಷನ್ನಿನಲ್ಲಿ ಊರಿಗೆ ಐವರು ಮಹಿಳೆಯರಿಗೆ ಪರೀಕ್ಷೆಯ ತರಬೇತಿ ಕೊಡುವ ಏರ್ಪಾಡಿದೆ. ಅವರಿಂದ ಕಿಟ್‌ನಲ್ಲಿ ಪರೀಕ್ಷಿಸಿದ ಫಲಿತಾಂಶ ಲಗತ್ತಿಸಿ.

ಬೀದಿದೀಪ, ನಲ್ಲಿ, ಚರಂಡಿ, ಕಸ ಪಂಚಾಯಿತಿಯ ಕೈಯಲ್ಲಿವೆ. ವೈದ್ಯರು, ಶಿಕ್ಷಕರು, ಬಸ್ಸು ಅದರ ಕೈಯಲ್ಲಿಲ್ಲ. ಈ ಎರಡನೇ ಬಗೆಯದಕ್ಕೆ ಗ್ರಾಮ ಸಭೆಯ ಠರಾವು ಮಾಡಿಸಿ, ಅದರ ನಕಲನ್ನು ಸಂಬಂಧಪಟ್ಟ ಕಚೇರಿಗೆ ಸಂಘವೇ ಒಯ್ಯಬೇಕು. ಬಸ್ಸಾದರೆ ಡಿಪೊ ವ್ಯವಸ್ಥಾಪಕರಿಗೆ, ಜೊತೆಗೆ ಒಂದು ವಾರ ಯಾವ ಹೊತ್ತಿಗೆ ಎಷ್ಟು ಜನ ನಿಲ್ದಾಣದಲ್ಲಿ ಕಾಯುತ್ತಿದ್ದರೆಂಬ ಎಣಿಕೆ. ಶಕ್ತಿ ಯೋಜನೆಯಿಂದ ಟಿಕೆಟ್ ಉಚಿತ, ಬಸ್ಸು ಬರುವುದೇ ಹನ್ನೊಂದಕ್ಕಾದರೆ ನಾಡಕಚೇರಿ ಸರದಿಯಲ್ಲಿ ನಿಲ್ಲುವುದು ಯಾವಾಗ?

ಸಭೆ ಮುಗಿಯುವಾಗ ನಡಾವಳಿ ಓದಿಸಿ, ನಿಮ್ಮ ಬೇಡಿಕೆ ಯಾವ ಕ್ರಮಸಂಖ್ಯೆಯಲ್ಲಿದೆ ಬರೆದುಕೊಳ್ಳಿ. ಓದದೆ ಇದ್ದರೆ ಸಹಿ ಬೇಡ. ಹಾಜರಾತಿ ಪುಸ್ತಕದ ಸಹಿಯೇ ಎಲ್ಲಕ್ಕೂ ಒಪ್ಪಿಗೆಯಾಗಿ ಬಳಕೆಯಾದ ಉದಾಹರಣೆಗಳು ಬೇಕಾದಷ್ಟಿವೆ.

ಆರೋಗ್ಯ, ಜಮೀನು, ಉದ್ಯಮ

ಆರೋಗ್ಯದ ಜೋಡಣೆ ಎಲ್ಲಕ್ಕಿಂತ ಸುಲಭ, ಸಿಬ್ಬಂದಿ ಊರಿಗೇ ಬರುತ್ತಾರೆ. ಅಂಗನವಾಡಿಯಲ್ಲಿ ನಡೆಯುವ ಗ್ರಾಮ ಆರೋಗ್ಯ ದಿನದಂದೇ ಸಂಘದ ಸಭೆ ಇಟ್ಟುಕೊಳ್ಳಿ. 30 ದಾಟಿದ ಎಲ್ಲರ ಬಿಪಿ, ಶುಗರ್, ಬಾಯಿ ಮತ್ತು ಸ್ತನ ಕ್ಯಾನ್ಸರ್ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರದ ಕೆಲಸ. ಯಾರದು ಆಗಿಲ್ಲ ಎಂಬ ಪಟ್ಟಿ ನಿಮ್ಮಲ್ಲಿರಲಿ. ಮಾತೃವಂದನಾದಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ ₹5,000, ಎರಡನೆಯದು ಹೆಣ್ಣಾದರೆ ₹6,000. ಮಗು ಹುಟ್ಟಿ 270 ದಿನದೊಳಗೆ ಅರ್ಜಿ ಹೋಗಬೇಕು. ತವರಿಗೆ ಬಾಣಂತನಕ್ಕೆ ಹೋದವರು ಈ ಗಡುವು ತಪ್ಪಿಸಿಕೊಳ್ಳುತ್ತಾರೆ. ಹೊರಡುವ ಮೊದಲೇ ಅರ್ಜಿ ಹಾಕಿಸಿ.

ಕೃಷಿ ಇಲಾಖೆಯ ಸೌಲಭ್ಯ ಎಫ್‌ಐಡಿ (ರೈತರ ಗುರುತು ಸಂಖ್ಯೆ) ಮೇಲೆ, ಎಫ್‌ಐಡಿ ಪಹಣಿ ಮೇಲೆ, ಪಹಣಿ ತೀರಿಕೊಂಡ ಮಾವನ ಹೆಸರಲ್ಲಿ! ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದ ಜಮೀನಿನ ಸೊಸೆಗೆ ಬಿತ್ತನೆ ಬೀಜದ ರಿಯಾಯಿತಿಯೂ ಇಲ್ಲ, ಬೆಳೆ ಹಾನಿ ಪರಿಹಾರವೂ ಇಲ್ಲ. ವಂಶವೃಕ್ಷ, ಮರಣ ಪತ್ರ ಹಿಡಿದು ಅರ್ಜಿ ಹಾಕಬೇಕು. ಅಣ್ಣತಮ್ಮಂದಿರ ಒಪ್ಪಿಗೆ ಸಿಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಮನೆಯೊಳಗಿನ ಹಿಂಸೆಯಾದರೆ 181. ಇಂಥ ವಿಷಯದಲ್ಲಿ ಸಂಘ ಪಂಚಾಯ್ತಿ ಕಟ್ಟಿ ರಾಜಿ ಮಾಡಿಸಲು ಹೋಗಬಾರದು.

ಹಪ್ಪಳ, ಚಟ್ನಿಪುಡಿ, ರೊಟ್ಟಿ ಮಾಡುವವರಿಗೆ ಆಹಾರ ಸುರಕ್ಷತಾ ನೋಂದಣಿ ವರ್ಷಕ್ಕೆ ₹100, ವಹಿವಾಟು ₹12 ಲಕ್ಷದವರೆಗೆ. ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಸಾವಿರ ಎರಡು ಸಾವಿರ ಕೇಳುವವರು ಮಧ್ಯವರ್ತಿಗಳು. ಕಿರು ಆಹಾರ ಉದ್ಯಮಗಳಿಗಾಗಿ ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಆಹಾರ ತಯಾರಿಯಲ್ಲಿ ತೊಡಗಿದ ಪ್ರತಿ ಸದಸ್ಯೆಗೆ ₹40,000ವರೆಗೆ ಮೂಲ ಬಂಡವಾಳದ ಅವಕಾಶ ಇದೆ, ಒಕ್ಕೂಟದ ಮೂಲಕ ಬರುತ್ತದೆ. ತರಬೇತಿಗೆ ಜಿಲ್ಲೆಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳಾದ ರುಡ್‌ಸೆಟ್ ಅಥವಾ ಆರ್‌ಸೆಟಿ, ಊಟ ವಸತಿ ಸೇರಿ ಉಚಿತ. ಯಂತ್ರಕ್ಕೆ ಸಾಲ ಮಾಡುವ ಮೊದಲು ಮೂರು ತಿಂಗಳು ಕೈಯಲ್ಲೇ ಮಾಡಿ ಸಂತೆಯಲ್ಲಿ ಮಾರಿ ನೋಡಿ. ಮೂಲೆಯಲ್ಲಿ ದೂಳು ಹಿಡಿದ ರೊಟ್ಟಿ ಯಂತ್ರಗಳು ಕಡಿಮೆಯೇನಿಲ್ಲ.

ಸಂಘವೇ ಸೇವೆ ಕೊಡುವಾಗ

ಕರ್ನಾಟಕದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಕಸ ಸಂಗ್ರಹ, ಸ್ವಚ್ಛ ವಾಹಿನಿಯ ಚಾಲನೆ, ಒಣಕಸ ವಿಂಗಡಣೆಯನ್ನು ಒಕ್ಕೂಟದ ಮಹಿಳೆಯರೇ ನಡೆಸುತ್ತಿದ್ದಾರೆ. ಇಲ್ಲಿ ಒಪ್ಪಂದ ಪತ್ರವೇ ಎಲ್ಲ. ಅದು ಒಕ್ಕೂಟದ ಹೆಸರಿನಲ್ಲಿರಲಿ, ಅಧ್ಯಕ್ಷೆಯ ಹೆಸರಿನಲ್ಲಿ ಬೇಡ. ಎಷ್ಟು ಮನೆ, ವಾರಕ್ಕೆ ಎಷ್ಟು ದಿನ, ಡೀಸೆಲ್ ಮತ್ತು ವಾಹನ ದುರಸ್ತಿ ಯಾರದು, ಕೈಗವಸು ಬೂಟು ಎಷ್ಟು ತಿಂಗಳಿಗೊಮ್ಮೆ, ವಿಮೆ ಯಾರು ಕಟ್ಟುತ್ತಾರೆ, ಮಾರಿದ ಒಣಕಸದ ಹಣ ಯಾರಿಗೆ ಎಂಬುದನ್ನೆಲ್ಲ ಬರೆಯಿಸಿ. ಎಲ್ಲಕ್ಕಿಂತ ಮುಖ್ಯ ಗೌರವಧನ ಪ್ರತಿ ತಿಂಗಳು ಯಾವ ದಿನಾಂಕದೊಳಗೆ ಎಂಬುದು. ಮನೆಗಳಿಂದ ಶುಲ್ಕ ವಸೂಲಾದ ಮೇಲೆ ಕೊಡುತ್ತೇವೆ ಎಂಬ ಷರತ್ತಿಗೆ ಒಪ್ಪಿದರೆ ಆರು ತಿಂಗಳು ಸಂಬಳ ನಿಲ್ಲುವುದು ಖಚಿತ. ಶುಲ್ಕ ವಸೂಲಿ ಪಂಚಾಯಿತಿಯ ಹೊಣೆ ಎಂದು ಬರೆದಿರಬೇಕು. ಚಾಲನಾ ಪರವಾನಗಿ ಇಬ್ಬರಿಗಾದರೂ ಇರಲಿ, ಒಬ್ಬರು ಹುಷಾರಿಲ್ಲದೆ ಮಲಗಿದರೆ ಗಾಡಿ ನಿಲ್ಲುವುದಿಲ್ಲ.

ಯಾರು ಹೋಗಬೇಕು, ಖರ್ಚು ಯಾರದು

ಯಾವಾಗಲೂ ಇಬ್ಬರು ಹೋಗಿ. ಒಬ್ಬರು ಕಚೇರಿ ಗೊತ್ತಿರುವವರು, ಇನ್ನೊಬ್ಬರು ಹೊಸಬರು. ಅಧ್ಯಕ್ಷೆಯೊಬ್ಬರೇ ಎಲ್ಲ ಕಚೇರಿಗೂ ಹೋದರೆ ಎರಡೇ ವರ್ಷದಲ್ಲಿ ಆಕೆ ಊರಿನ ಬ್ರೋಕರ್ ಆಗುತ್ತಾಳೆ ಅಥವಾ ಸಾಕಾಗಿ ಸಂಘ ಬಿಡುತ್ತಾಳೆ. ಹೋಗಿ ಬಂದ ದಿನದ ಕೂಲಿ ನಷ್ಟ, ಜೆರಾಕ್ಸ್, ಚಹಾ ಖರ್ಚನ್ನು ಇಷ್ಟೆಂದು ಠರಾವು ಮಾಡಿ ಸಂಘದ ನಿಧಿಯಿಂದ ಕೊಡಿ, ಫಲಾನುಭವಿಯಿಂದ ಪಡೆಯುವುದು ಬೇಡ. ಐವತ್ತು ರೂಪಾಯಿಯಿಂದ ಶುರುವಾದದ್ದು ಐನೂರಕ್ಕೆ ಹೋಗಿ ನಿಲ್ಲುತ್ತದೆ.

ಸಂಘದ ಕಂತು ಕಟ್ಟದವರ ಪಿಂಚಣಿ ಅರ್ಜಿಗೆ ಸಹಕರಿಸುವುದಿಲ್ಲ ಎಂದು ತಡೆಯುವುದು, ಅವರ ಪಾಸ್‌ಬುಕ್ ಇಟ್ಟುಕೊಳ್ಳುವುದು ಕೆಲವೆಡೆ ರೂಢಿಯಾಗಿದೆ. ಸಾಲ ಬೇರೆ, ಹಕ್ಕು ಬೇರೆ. ಹಾಗೆಯೇ ಖಾತೆಗೆ ಬಂದ ಪಿಂಚಣಿ ಅಥವಾ ಗೃಹಲಕ್ಷ್ಮಿ ಹಣವನ್ನು ಬ್ಯಾಂಕು ಹಳೆಯ ಸಾಲಕ್ಕೆ ಮುರಿದುಕೊಂಡರೆ ಶಾಖೆಗೆ ಲಿಖಿತ ದೂರು ಕೊಟ್ಟು ಲೀಡ್ ಬ್ಯಾಂಕಿಗೆ ಪ್ರತಿ ಕಳಿಸಿ.

ಮನೆ ಪುಸ್ತಕದಲ್ಲಿ ಒಂದು ಸಾಲನ್ನು ಹೊಡೆದು ಹಾಕುವುದು ‘ಮಂಜೂರಾಗಿದೆ’ ಎಂಬ ಸಂದೇಶ ಬಂದಾಗಲ್ಲ. ಮಂಜೂರಾತಿ ಆದೇಶ ಬಂದು ಮೂರು ತಿಂಗಳು ಹಣ ಬೀಳದವರೂ, ಒಂದು ಕಂತು ಬಿದ್ದು ನಿಂತವರೂ ಪ್ರತಿ ಊರಲ್ಲಿದ್ದಾರೆ. ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳ ನಮೂದು ಕಣ್ಣಾರೆ ನೋಡಿ, ದಿನಾಂಕ ಹಾಕಿ, ಆಮೇಲೆ ಹೊಡೆದು ಹಾಕಿ.